ತುತ್ತೂರಿಯಿಲ್ಲದ ಕಛೇರಿಗೆ ಹಳದಿ ಬಂದದ್ದೆಲ್ಲಿಂದ?

1911ರ ಜನವರಿ 2ರಂದು ಮ್ಯೂನಿಕ್‌ನಲ್ಲಿ ವಿಯೆನ್ನಾದ ಸಂಯೋಜಕ ಆರ್ನಾಲ್ಡ್ ಶೋನ್‌ಬರ್ಗ್‌ನ ಕೃತಿಗಳ ಕಛೇರಿ ನಡೆಯಿತು. ಎರಡು ಪಿಟೀಲು ಮತ್ತು ಅದೇ ಬಳಗದ ದೊಡ್ಡ ವಾದ್ಯಗಳಾದ ವಿಯೋಲಾ, ಚೆಲ್ಲೊ ಸೇರಿದ ಚತುಷ್ಟಯಗಳು, ಕೆಲವು ಹಾಡುಗಳು, ಮೂರು ಪಿಯಾನೋ ಕೃತಿಗಳು. ಆ ಪಿಯಾನೋ ಕೃತಿಗಳಲ್ಲಿ ಆಧಾರಸ್ವರ ಎಂಬುದೇ ಇಲ್ಲ. ಷಡ್ಜವನ್ನು ಕಿತ್ತುಹಾಕಿದ ರಾಗದಂತೆ. ಕೇಳುಗರ ನಡುವೆ ಮಾಸ್ಕೋದಲ್ಲಿ ಹುಟ್ಟಿದ ಚಿತ್ರಕಾರ ವಾಸಿಲಿ ಕ್ಯಾಂಡಿನ್‌ಸ್ಕಿ ಇದ್ದ. ಅದೇ ತಿಂಗಳು ಅವನು ಬರೆದ ಚಿತ್ರ ‘ಇಂಪ್ರೆಷನ್ 3 (ಕಛೇರಿ)’ ಈಗ ಮ್ಯೂನಿಕ್‌ನ ಲೆನ್‌ಬಾಕ್‌ಹೌಸ್ ಸಂಗ್ರಹಾಲಯದಲ್ಲಿದೆ. ಮೇಲೆ ಪಿಯಾನೋದ ಕರಿ ಮೊತ್ತ, ಎಡಕ್ಕೆ ಬಾಗಿ ಕುಳಿತ ಕೇಳುಗರು, ಉಳಿದೆಡೆಯೆಲ್ಲ ನುಗ್ಗಿ ಬರುವ ಹಳದಿ.

ಇದಕ್ಕೆ ಎಲ್ಲರೂ ಕೊಡುವ ವಿವರಣೆ ಒಂದೇ: ಅವನಿಗೆ ಸಿನೆಸ್ಥೀಸಿಯಾ ಇತ್ತು. ಅಂದರೆ ಒಂದು ಇಂದ್ರಿಯದ ಪ್ರಚೋದನೆಗೆ ಇನ್ನೊಂದರ ಅನುಭವ ತಾನಾಗಿಯೇ ಏಳುವುದು. ಸುಮಾರು 4% ಜನರಲ್ಲಿ ಇದರ ಯಾವುದಾದರೊಂದು ಬಗೆ ಇರುತ್ತದೆ. ಮಾಸ್ಕೋದಲ್ಲಿ ವಾಗ್ನರ್‌ನ ‘ಲೋಹೆಂಗ್ರಿನ್’ ಗೀತನಾಟಕ ಕೇಳುವಾಗ ತನ್ನ ಬಣ್ಣಗಳೆಲ್ಲ ಕಣ್ಣೆದುರು ನಿಂತವೆಂದು ಅವನೇ ಬರೆದುಕೊಂಡಿದ್ದಾನೆ. ಆದರೆ ಇಂಥ ಹೇಳಿಕೆಯನ್ನು ವಿಜ್ಞಾನಿಗಳು ಹಾಗೇ ನಂಬುವುದಿಲ್ಲ. ಅದೇ ಸ್ವರವನ್ನು ಹಲವು ತಿಂಗಳ ಬಳಿಕ ಮತ್ತೆ ಕೇಳಿಸಿ, ಮೊದಲಿನ ಬಣ್ಣವನ್ನೇ ಹೇಳುತ್ತಾರೋ ಎಂದು ನೋಡುತ್ತಾರೆ. ಸಿನೆಸ್ಥೀಸಿಯಾ ಇದ್ದವರು ಹೆಚ್ಚುಕಡಿಮೆ ತಪ್ಪುವುದೇ ಇಲ್ಲ. ಉಳಿದವರು ಬೇಗ ಮರೆಯುತ್ತಾರೆ.

ಕ್ಯಾಂಡಿನ್‌ಸ್ಕಿಯನ್ನು ಈಗ ಪರೀಕ್ಷಿಸಲಾಗದು, ನಿಜ. ಆದರೆ ಕಲೆಯ ಆಧ್ಯಾತ್ಮಿಕತೆಯ ಬಗ್ಗೆ ಅವನು ಬರೆದ ಪುಸ್ತಕ 1911ರ ಕೊನೆಗೆ ಹೊರಬಂತು. ಅಲ್ಲಿ ತಿಳಿನೀಲಿಯೆಂದರೆ ಕೊಳಲು, ಕಡುನೀಲಿಯೆಂದರೆ ಚೆಲ್ಲೊ, ಹಸಿರೆಂದರೆ ಪಿಟೀಲಿನ ನಿಧಾನದ ಮಧ್ಯಸ್ವರ, ಹಳದಿಯೆಂದರೆ ತುತ್ತೂರಿ. ಈ ಲೆಕ್ಕದಲ್ಲಿ ಆ ರಾತ್ರಿಯ ಚಿತ್ರ ನೀಲಿ-ಹಸಿರಾಗಬೇಕಿತ್ತು. ತುತ್ತೂರಿ ಊದುವವನೇ ಅಲ್ಲಿರಲಿಲ್ಲ! ಜೊತೆಗೆ, ಚಿತ್ರಕ್ಕೂ ಮುನ್ನ ಅವನು ಹಾಕಿದ ಕರಡುಗಳು ಉಳಿದಿವೆ. ಪಿಯಾನೋ, ಜನ, ಸಭಾಂಗಣ ಮೊದಲು ಸ್ಪಷ್ಟವಾಗಿದ್ದು ಆಮೇಲೆ ಕರಗುತ್ತ ಹೋಗುತ್ತವೆ. ಕಿವಿಗೆ ಬಿದ್ದೊಡನೆ ಕಣ್ಣಿಗೆ ಹೊಳೆದದ್ದನ್ನು ನಕಲು ಮಾಡುವವನ ಕೆಲಸದಂತೆ ನನಗಂತೂ ಇದು ಕಾಣುವುದಿಲ್ಲ.

2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಮನೋವಿಜ್ಞಾನಿ ಸ್ಟೀಫನ್ ಪಾಮರ್ ಮತ್ತು ಸಂಗಡಿಗರು ಅಮೆರಿಕ, ಮೆಕ್ಸಿಕೊಗಳ ಸಾಮಾನ್ಯ ಕೇಳುಗರಿಗೆ ಬಾಖ್, ಮೊಜಾರ್ಟ್, ಬ್ರಾಹ್ಮ್ಸ್‌ರ ಸಂಗೀತ ಕೇಳಿಸಿ, 37 ಬಣ್ಣಗಳಲ್ಲಿ ಹೊಂದುವಂಥವನ್ನು ಆರಿಸಲು ಹೇಳಿದರು. ಚುರುಕಾದ, ಮೇಜರ್ (ಪಾಶ್ಚಾತ್ಯರಿಗೆ ಸಾಮಾನ್ಯವಾಗಿ ಉಲ್ಲಾಸವೆನಿಸುವ) ಸ್ವರಶ್ರೇಣಿಯ ಸಂಗೀತಕ್ಕೆ ಹಳದಿಯತ್ತ ವಾಲುವ, ರಂಗು ತುಂಬಿದ, ತಿಳಿ ಬಣ್ಣಗಳು. ನಿಧಾನದ, ಸಾಮಾನ್ಯವಾಗಿ ದುಃಖವೆನಿಸುವ ಮೈನರ್‌ಗೆ ಮಂಕು ನೀಲಿಗಳು. ಎರಡೂ ದೇಶಗಳಲ್ಲಿ ಆಯ್ಕೆ ಬಹುಪಾಲು ಒಂದೇ. ಸ್ವರಕ್ಕೂ ಬಣ್ಣಕ್ಕೂ ನಡುವೆ ನಿಂತು ಕೈಜೋಡಿಸುವುದು ಭಾವ ಎಂಬುದು ಅವರ ತೀರ್ಮಾನ.

ಶೋನ್‌ಬರ್ಗ್‌ನ ಆ ಪಿಯಾನೋದಲ್ಲಿ ಮೇಜರೂ ಇಲ್ಲ, ಮೈನರೂ ಇಲ್ಲ. ಕ್ಯಾಂಡಿನ್‌ಸ್ಕಿಯ ಹಳದಿಯೂ ನಗುವ ಹಳದಿಯಲ್ಲ. ಅವನ ಪುಸ್ತಕದಲ್ಲಿ ಅದು ನೋಡುವವನನ್ನು ಕೆಣಕುವ, ಚುಚ್ಚುವ ಬಣ್ಣ. ತುತ್ತೂರಿ ಇದ್ದದ್ದು ವೇದಿಕೆಯ ಮೇಲಲ್ಲ, ಆ ಕೆಣಕುವಿಕೆಯಲ್ಲಿ. ಜನವರಿ 18ರಂದು, ಪರಿಚಯವೇ ಇಲ್ಲದ ಶೋನ್‌ಬರ್ಗ್‌ಗೆ ಅವನು ಪತ್ರ ಬರೆದ: ನಿಮ್ಮ ಕೃತಿಗಳಲ್ಲಿ ಒಂದೊಂದು ದನಿಯೂ ಸ್ವತಂತ್ರವಾಗಿ ಬಾಳುತ್ತದೆ, ಚಿತ್ರದಲ್ಲಿ ನಾನು ಹುಡುಕುತ್ತಿರುವುದೂ ಅದನ್ನೇ, ಎಂಬರ್ಥದಲ್ಲಿ. ಸ್ವತಃ ಚಿತ್ರ ಬರೆಯುತ್ತಿದ್ದ ಶೋನ್‌ಬರ್ಗ್ ಕೆಲವೇ ದಿನಗಳಲ್ಲಿ ಉತ್ತರಿಸಿದ.