ದಪ್ಪ ಅಂಕಿ ಬಿಡಿ, ಸಣ್ಣ ಗುರುತು ನೋಡಿ

ಬೆರಳುಗುರಿನಷ್ಟು ಅಗಲದ ಮೈಕ್ರೊ ಎಸ್‌ಡಿ ಕಾರ್ಡಿನ ಮೇಲೆ ಈಗ ಏನೆಲ್ಲ ಅಚ್ಚಾಗಿರುತ್ತದೆ! ರೋಮನ್ ಒಂದು, ಯು ಅಕ್ಷರದೊಳಗೆ 3, ವಿ30, ಎ2. ಪೊಟ್ಟಣದ ಮೇಲಂತೂ ಸೆಕೆಂಡಿಗೆ ‘200 ಎಂಬಿ’ ವೇಗ ಎಂದು ದಪ್ಪಕ್ಷರ. ಸ್ಟೀಮ್ ಡೆಕ್, ನಿಂಟೆಂಡೊ ಸ್ವಿಚ್‌ನಂಥ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರಕ್ಕೆ ಕಾರ್ಡ್ ಕೊಳ್ಳುವವರು ಆ ದಪ್ಪ ಅಂಕಿಯನ್ನೇ ನಂಬಿ ಹೆಚ್ಚು ದುಡ್ಡು ತೆರುತ್ತಾರೆ. ಆಡುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಈ ಗುರುತುಗಳೆಲ್ಲ ಒಂದೇ ಕಾಲದವಲ್ಲ, ಒಂದೇ ಕೆಲಸಕ್ಕೆ ಹುಟ್ಟಿದವೂ ಅಲ್ಲ. ಹೆಚ್ಚಿನವು ಕ್ಯಾಮೆರಾದವರಿಗಾಗಿ ಬಂದವು.

ಪ್ಯಾನಸೋನಿಕ್, ಸ್ಯಾನ್‌ಡಿಸ್ಕ್, ತೋಷಿಬಾ ಸೇರಿ ಎಸ್‌ಡಿ ಕಾರ್ಡನ್ನು ಪ್ರಕಟಿಸಿದ್ದು 1999ರಲ್ಲಿ. ಆರಂಭದ ವರ್ಷಗಳಲ್ಲಿ ಕಾರ್ಡಿನ ವೇಗವನ್ನು ಸಿ.ಡಿ. ಡ್ರೈವ್‌ನಂತೆ ‘ಎಕ್ಸ್’ ಲೆಕ್ಕದಲ್ಲಿ ಹೇಳುತ್ತಿದ್ದರು. ಒಂದು ಎಕ್ಸ್ ಎಂದರೆ ಸೆಕೆಂಡಿಗೆ 150 ಕೆಬಿ. ಅದು ಓದುವ ವೇಗವೋ ಬರೆಯುವ ವೇಗವೋ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ವಿಡಿಯೊ ಚಿತ್ರೀಕರಿಸುವವರಿಗೆ ಇದು ನಿಜವಾದ ಕಷ್ಟ: ಬರೆಯುವ ವೇಗ ಒಂದು ಕ್ಷಣ ಕುಸಿದರೂ ರೆಕಾರ್ಡಿಂಗ್ ನಿಂತುಹೋಗುತ್ತದೆ. ಹಾಗಾಗಿ 2006ರಲ್ಲಿ ಹೆಚ್ಚು ಹಿಡಿಸುವ ಎಸ್‌ಡಿಎಚ್‌ಸಿ ಕಾರ್ಡಿನ ಜೊತೆಗೆ ಕ್ಲಾಸ್ 2, 4, 6 ಬಂದವು. ಆ ಅಂಕಿ ಸೆಕೆಂಡಿಗೆ ಕನಿಷ್ಠ ಅಷ್ಟು ಎಂಬಿ ಬರೆದೇ ತೀರುತ್ತೇನೆ ಎಂಬ ಖಾತರಿ. ಆಮೇಲೆ ಕ್ಲಾಸ್ 10, ಯು1, ಯು3 ಸೇರಿದವು. 2016ರಲ್ಲಿ ವಿ ಸರಣಿಯೂ ಬಂತು. ಹೀಗೆ ಕ್ಲಾಸ್ 10, ಯು1, ವಿ10 ಮೂರೂ ಹೇಳುವುದು ಅದೇ 10 ಎಂಬಿ. ಯು3 ಮತ್ತು ವಿ30 ಹೇಳುವುದು 30 ಎಂಬಿ. ಹಳೆಯ ಗುರುತನ್ನು ತೆಗೆಯದೆ ಪಕ್ಕದಲ್ಲಿ ಹೊಸದನ್ನು ಅಚ್ಚು ಹಾಕುತ್ತ ಬಂದರು, ಅಷ್ಟೇ.

ಗೇಮ್ ಯಂತ್ರದ ಕೆಲಸ ಬೇರೆ. ಅದು ಬರೆಯುವುದು ಆಟ ಡೌನ್‌ಲೋಡ್ ಆಗುವಾಗ. ಉಳಿದ ಹೊತ್ತೆಲ್ಲ ಓದುತ್ತಿರುತ್ತದೆ, ಅದೂ ಅಲ್ಲೊಂದು ಇಲ್ಲೊಂದು ಚೂರನ್ನು ಹುಡುಕಿ ಹುಡುಕಿ. ಇಂಥ ಓದನ್ನು ಅಳೆಯುವ ಗುರುತು ಬಂದದ್ದು ಫೋನ್‌ಗಳ ದೆಸೆಯಿಂದ. 2015ರಲ್ಲಿ ಆಂಡ್ರಾಯ್ಡ್ 6 ಕಾರ್ಡನ್ನೇ ಒಳಸಂಗ್ರಹದಂತೆ ಬಳಸಲು ಬಿಟ್ಟಿತು. ನಿಧಾನದ ಕಾರ್ಡುಗಳಲ್ಲಿ ಆ್ಯಪ್‌ಗಳು ತಡವರಿಸತೊಡಗಿದವು. ಮರುವರ್ಷ ಬಂದ ಎ1 ಗುರುತು ಸೆಕೆಂಡಿಗೆ ಕನಿಷ್ಠ 1,500 ಬಿಡಿ ಓದು, 500 ಬಿಡಿ ಬರಹದ ಖಾತರಿ ಕೊಡುತ್ತದೆ. ಎ2ನಲ್ಲಿ ಅದು 4,000 ಮತ್ತು 2,000. ಆದರೆ ಎ2 ತನ್ನ ಪೂರ್ತಿ ಶಕ್ತಿ ತೋರಬೇಕಾದರೆ ಹಲವು ಆದೇಶಗಳನ್ನು ಸಾಲಾಗಿ ಕಳಿಸುವ ವಿದ್ಯೆ ಯಂತ್ರಕ್ಕೂ ಗೊತ್ತಿರಬೇಕು. ಗೊತ್ತಿಲ್ಲದ ಯಂತ್ರದಲ್ಲಿ ಒಳ್ಳೆಯ ಎ1 ಕಾರ್ಡಿಗೂ ಎ2ಗೂ ವ್ಯತ್ಯಾಸ ಕಾಣುವುದು ಕಷ್ಟ.

ಇನ್ನು ಆ 200. ಮೊದಲ ಸ್ವಿಚ್ ಮತ್ತು ಸ್ಟೀಮ್ ಡೆಕ್‌ನ ಸ್ಲಾಟ್ ಯುಎಚ್‌ಎಸ್-1 ಎಂಬ ಮಾನದಂಡದ್ದು. ಕಾರ್ಡಿನ ಮೇಲಿನ ರೋಮನ್ ಒಂದು ಅದರದೇ ಗುರುತು. ದತ್ತಾಂಶ ಸಾಗುವ ತಂತಿ ನಾಲ್ಕು, ಪ್ರತಿಯೊಂದರಲ್ಲೂ ಸೆಕೆಂಡಿಗೆ ಹೆಚ್ಚೆಂದರೆ 20.8 ಕೋಟಿ ಬಿಟ್. ನಾಲ್ಕರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ 104 ಎಂಬಿ. ಅದೇ ಗಡಿ, ಕೈಗೆ ಸಿಗುವುದು ಅದಕ್ಕಿಂತ ತುಸು ಕಡಿಮೆ. ಅದರಾಚೆಯ ವೇಗ ತಯಾರಕರು ಮಾನದಂಡ ಮೀರಿ ಹೂಡಿದ ಸ್ವಂತ ತಂತ್ರದ್ದು, ಅದಕ್ಕೆ ಹೊಂದುವ ರೀಡರ್‌ನಲ್ಲಿ ಮಾತ್ರ ಸಿಗುತ್ತದೆ. ಹಿಂಬದಿಯಲ್ಲಿ ಎರಡು ಸಾಲು ಪಿನ್ ಇರುವ ಯುಎಚ್‌ಎಸ್-2 ಕಾರ್ಡಿನ ಹಣೆಬರಹವೂ ಇದೇ. ಎರಡನೆಯ ಸಾಲನ್ನು ಮುಟ್ಟುವ ತುದಿಗಳೇ ಈ ಸ್ಲಾಟಿನಲ್ಲಿಲ್ಲ.

ಆದ್ದರಿಂದ ಈ ಎರಡು ಯಂತ್ರಗಳಿಗೆ ಯುಎಚ್‌ಎಸ್-1, ಯು3, ಎ1 ಅಥವಾ ಎ2 ಇರುವ ನಂಬಿಕಸ್ಥ ಕಾರ್ಡ್ ಧಾರಾಳವಾಗಿ ಸಾಕು. ಮಿಕ್ಕ ಹಣವನ್ನು ಹೆಚ್ಚು ಜಿಬಿಗೆ ಹಾಕುವುದು ಜಾಣತನ. 100 ಎಂಬಿಪಿಎಸ್ (ಸೆಕೆಂಡಿಗೆ 10 ಕೋಟಿ ಬಿಟ್) ಇಂಟರ್ನೆಟ್‌ನಲ್ಲಿ ಸೆಕೆಂಡಿಗೆ ಇಳಿಯುವುದೇ 12.5 ಎಂಬಿ, ಅದನ್ನು ಯು3 ಆರಾಮವಾಗಿ ನುಂಗುತ್ತದೆ. ಯು3ರ ಬೆಲೆ ಗೊತ್ತಾಗುವುದು ಆಟವನ್ನು ಒಳಸಂಗ್ರಹದಿಂದ ಕಾರ್ಡಿಗೆ ಸಾಗಿಸುವಾಗ: 50 ಜಿಬಿಗೆ ಸೆಕೆಂಡಿಗೆ 30 ಎಂಬಿಯಂತೆ 28 ನಿಮಿಷ, 10 ಎಂಬಿಯಂತಾದರೆ 83 ನಿಮಿಷ.

2025ರ ಜೂನ್‌ನಲ್ಲಿ ಬಂದ ಸ್ವಿಚ್ 2 ಈ ಲೆಕ್ಕವನ್ನೆಲ್ಲ ಬದಲಿಸಿತು. ಅದರಲ್ಲಿ ಆಟಗಳು ಕೂರುವುದು ಮೈಕ್ರೊ ಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡಿನಲ್ಲಿ ಮಾತ್ರ. ಕಂಪ್ಯೂಟರಿನ ಎಸ್‌ಎಸ್‌ಡಿಗಳು ಬಳಸುವ ಪಿಸಿಐಇ ದಾರಿಯನ್ನೇ ಹಿಡಿಯುವ ಈ ಬಗೆ 2019ರಲ್ಲೇ ಘೋಷಣೆಯಾಗಿತ್ತು. ಆಗಿನ ಗಡಿ 985 ಎಂಬಿ. ಹಳೆಯ ಕಾರ್ಡ್ ಹಾಕಿದರೆ ಅದರಲ್ಲಿರುವ ಸ್ಕ್ರೀನ್‌ಶಾಟ್, ವಿಡಿಯೊಗಳನ್ನು ನಕಲಿಸಿಕೊಳ್ಳಬಹುದು, ಅಷ್ಟಕ್ಕೇ ಮುಗಿಯಿತು. ಕೊಳ್ಳುವಾಗ ಕಾರ್ಡಿನ ಮೇಲೆ ‘ಇಎಕ್ಸ್’ ಗುರುತು ಹುಡುಕಿ. ‘ಎಕ್ಸ್‌ಟ್ರೀಮ್’ ಎಂಬ ಹೆಸರು ಕಂಡು ಮೋಸಹೋಗಬೇಡಿ, ಅದು ಎಕ್ಸ್‌ಪ್ರೆಸ್ ಅಲ್ಲ. ಎಕ್ಸ್‌ಪ್ರೆಸ್ ಕಾರ್ಡನ್ನು ಸ್ಟೀಮ್ ಡೆಕ್‌ಗೆ ಹಾಕಿದರೂ ನಡೆಯುತ್ತದೆ, ಆದರೆ ಯುಎಚ್‌ಎಸ್-1 ವೇಗದಲ್ಲೇ.

ಇಷ್ಟೆಲ್ಲ ನೋಡಿ ತಂದ ಕಾರ್ಡ್ ನಕಲಿಯಾಗಿದ್ದರೆ ಯಾವ ಗುರುತಿಗೂ ಅರ್ಥವಿಲ್ಲ. 32 ಜಿಬಿಯ ಚಿಪ್ಪಿಗೆ ‘ನಾನು 512’ ಎಂದು ಸುಳ್ಳು ಹೇಳಿಸಿರುತ್ತಾರೆ. ಮೊದಲ ಒಂದೆರಡು ಆಟ ಸರಿಯಾಗಿ ನಡೆಯುತ್ತವೆ; 32 ಜಿಬಿ ದಾಟಿದ ಮೇಲೆ ಹೊಸದು ಹಳೆಯದರ ಮೇಲೆ ಬೀಳುತ್ತದೆ, ಇಲ್ಲವೇ ಎಲ್ಲಿಯೂ ದಾಖಲಾಗದೆ ಮಾಯವಾಗುತ್ತದೆ. ತಂದ ದಿನವೇ, ಆಟ ಹಾಕುವ ಮುಂಚೆ, ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಲಿನಕ್ಸ್‌ನಲ್ಲಿ ಎಫ್3 ಎಂಬ ಪರೀಕ್ಷಾ ತಂತ್ರಾಂಶ ಬಳಸಿ ಕಾರ್ಡನ್ನು ತುದಿತನಕ ತುಂಬಿಸಿ, ಮರಳಿ ಓದಿಸಿ. 512 ಜಿಬಿ ತುಂಬಲು ಸೆಕೆಂಡಿಗೆ 30 ಎಂಬಿಯಂತೆ ಐದು ಗಂಟೆಯ ಹತ್ತಿರ ಹಿಡಿಯುತ್ತದೆ, ಓದಿಸುವುದಕ್ಕೆ ಇನ್ನೂ ಒಂದೂವರೆ ಗಂಟೆ. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಫಲಿತಾಂಶ. ಪರೀಕ್ಷೆ ಮುಗಿದ ಮೇಲೆ ಕಾರ್ಡನ್ನು ಗೇಮ್ ಯಂತ್ರದಲ್ಲೇ ಫಾರ್ಮ್ಯಾಟ್ ಮಾಡಿ. ಸ್ಟೀಮ್ ಡೆಕ್ ಬಳಸುವುದು ಲಿನಕ್ಸ್‌ನ ಇಎಕ್ಸ್‌ಟಿ4 ವಿನ್ಯಾಸ, ಸ್ವಿಚ್‌ಗೆ ಅದು ಅರ್ಥವಾಗುವುದಿಲ್ಲ.