ಸಹವಾಸಕ್ಕಿಂತ ಮುಂಚೆ ಗೂಡಂಗಡಿ

ಹುಡುಗ ಬೀಡಿ, ಗುಟ್ಕಾ ಹಿಡಿದನೆಂದರೆ ನಮ್ಮ ಕೋಲಾರದ ಕಡೆ ಮೊದಲು ಬೈಸಿಕೊಳ್ಳುವವರು ಅವನ ಸ್ನೇಹಿತರು. 'ಸಹವಾಸ ದೋಷ' ಅಂದರೆ ಮಾತು ಮುಗಿಯಿತು. ಸಹವಾಸ ಸುಳ್ಳಲ್ಲ. ಆದರೆ ಬೀಡಿ ಕಟ್ಟು ಎಷ್ಟೋ ಹುಡುಗರ ಕೈಗೆ ಮೊದಲು ಬರುವುದು ಮನೆಯ ಅಪ್ಪಣೆಯಿಂದಲೇ: 'ಲೇ, ಓಡಿಹೋಗಿ ಒಂದು ಕಟ್ಟು ತಗೊಂಡು ಬಾ, ಚಿಲ್ಲರೆ ನೀನೇ ಇಟ್ಕೋ.' ಅಂಗಡಿಯವನ ಪಾಲಿಗೂ ಅದು ಅಪ್ಪನ ವ್ಯಾಪಾರ. 18 ತುಂಬದವರಿಗೆ ಮಾರಬಾರದು, ಶಾಲೆಯ 100 ಗಜದೊಳಗೆ ಮಾರಲೇಬಾರದು ಎಂದ 2003ರ ಕೇಂದ್ರ ಕಾಯ್ದೆ ಇಲ್ಲಿಗೇ ಸುಸ್ತಾಗುತ್ತದೆ.

ಇನ್ನೊಂದು ಸಂಗತಿ, ಪೊಟ್ಟಣದ ಗಾತ್ರ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಸಾರಾಯಿ ಸ್ಯಾಚೆಟ್ ಹೋದ ಜಾಗಕ್ಕೆ ಮದ್ಯದ 90 ಎಂ.ಎಲ್. ಟೆಟ್ರಾ ಪ್ಯಾಕ್ ಬಂತು. 2013ರ ಮೇನಲ್ಲಿ ಗುಟ್ಕಾ ನಿಷೇಧವಾಯಿತು. ಟೊಮೆಟೊ ಮಂಡಿಯ ಪಕ್ಕದ ಗೂಡಂಗಡಿಯಲ್ಲಿ ಐದು ನಿಮಿಷ ನಿಂತರೆ ಮುಂದಿನ ಕಥೆ ಕಾಣುತ್ತದೆ. ಪಾನ್ ಮಸಾಲದ ಸರ ಒಂದು, ತಂಬಾಕಿನ ಸರ ಇನ್ನೊಂದು. ಹುಡುಗ ಎರಡನ್ನೂ ಹಲ್ಲಲ್ಲಿ ಹರಿದು, ಒಂದನ್ನು ಮತ್ತೊಂದಕ್ಕೆ ಸುರಿದು, ಬೆರಳಲ್ಲಿ ಒತ್ತಿ ಹಿಡಿದು ಕುಲುಕುತ್ತಾನೆ. ನಿಷೇಧವಾದ ಗುಟ್ಕಾ ಅಲ್ಲೇ ತಯಾರು. ಜೇಬಿನ ಚಿಲ್ಲರೆಗೆ ಸಿಗುವ ತನಕ ಹದಿಹರೆಯದವರಿಗೆ ನಿಷೇಧ ತಟ್ಟುವುದು ಕಷ್ಟ. ಬಿಡಿ ಸಿಗರೇಟಿನ ಮಾರಾಟ ತಡೆದು, ವಯಸ್ಸನ್ನು 21ಕ್ಕೆ ಏರಿಸಿದ ತಿದ್ದುಪಡಿಗೆ ವಿಧಾನಮಂಡಲ ಒಪ್ಪಿದ್ದು 2024ರಲ್ಲಿ, ಬಹಳ ತಡವಾಗಿ.

ತೀರಾ ಬಡ ಮಕ್ಕಳಿಗೆ ಗೂಡಂಗಡಿಯೂ ಬೇಕಿಲ್ಲ. ಪಂಕ್ಚರ್ ಸಲ್ಯೂಷನ್, ವೈಟ್ನರ್ ಸಾಕು. ಬಟ್ಟೆಗೆ ಸುರಿದು ಮೂಸಿದರೆ ಹಸಿವೂ ಮಂಕಾಗುತ್ತದೆ. ಏಮ್ಸ್ ನಡೆಸಿದ, 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ನಶೆ ಇದೊಂದೇ: ದೊಡ್ಡವರಲ್ಲಿ ಶೇ 0.58, 10ರಿಂದ 17 ವಯಸ್ಸಿನವರಲ್ಲಿ ಶೇ 1.17.

ಒಂದೇ ಬೀದಿಯ ಎಲ್ಲ ಹುಡುಗರೂ ಇದಕ್ಕೆ ಬೀಳುವುದಿಲ್ಲ. ಮನೆಯಲ್ಲಿ ಕುಡಿತ, ಎಸ್‌ಎಸ್‌ಎಲ್‌ಸಿ ಫೇಲು, ಯಾರಿಗೂ ಹೇಳದ ಬೇಸರ, ಇವು ಕೆಲವರನ್ನು ಬೇಗ ತಳ್ಳುತ್ತವೆ. ಜೊತೆಗೆ, ಆಸೆಗೆ ಲಗಾಮು ಹಾಕುವ ಮಿದುಳಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು.

2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ 13–15ರ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಸುವವರು ದೇಶದಲ್ಲಿ ಶೇ 8.5, ಕರ್ನಾಟಕದಲ್ಲಿ ಬರೀ ಶೇ 1.2. ಖುಷಿಪಡೋಣ, ಬೇಡ ಅನ್ನುವುದಿಲ್ಲ. ಆದರೆ ಆ ಎಣಿಕೆ ನಡೆದದ್ದು ತರಗತಿಗಳಲ್ಲಿ. ಓದು ಬಿಟ್ಟು ಬೆಳಗಿನ ಜಾವಕ್ಕೇ ಮಂಡಿಯಲ್ಲಿ ಟ್ರೇ ಹೊರುವ ಹುಡುಗರು ಅದರಲ್ಲಿ ಸೇರಿಲ್ಲ.