ಬೆಂಗಳೂರಿನಲ್ಲಿ ಫ್ಲಾಟ್ ಇದೆ, ಇಂಗ್ಲೆಂಡಿನಲ್ಲಿ ಮೊದಲ ಮನೆ: ಸ್ಟ್ಯಾಂಪ್ ಡ್ಯೂಟಿ ಎಷ್ಟು?

ಪ್ರಶ್ನೆ: ನಾವು ರೆಡಿಂಗ್‌ನಲ್ಲಿ 4 ಲಕ್ಷ ಪೌಂಡಿನ ಮನೆ ನೋಡಿದ್ದೇವೆ. ಈ ದೇಶದಲ್ಲಿ ಇದೇ ನಮ್ಮ ಮೊದಲ ಮನೆ. ಬೆಂಗಳೂರಿನ ಜೆ.ಪಿ. ನಗರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಒಂದು ಫ್ಲಾಟ್ ಇದೆ, ಬಾಡಿಗೆಗೆ ಕೊಟ್ಟಿದ್ದೇವೆ. ಊರಿನ ಮನೆ ಇಲ್ಲಿ ಲೆಕ್ಕಕ್ಕೆ ಬರಲ್ಲ ಅಂತ ಸ್ನೇಹಿತರು ಹೇಳಿದರು. ನಾವು ಫಸ್ಟ್ ಟೈಮ್ ಬೈಯರ್ ಅಲ್ವಾ?

ಅಲ್ಲ.

ಊರು, ಬೆಲೆ ಬದಲಾಗಿ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ಕಳಿಸಿ.

ಮೊದಲು ದುಡ್ಡಿನ ಮಾತು. 2025ರ ಏಪ್ರಿಲ್ 1ರಿಂದ ಇರುವ ದರದಲ್ಲಿ, ನಿಜವಾದ ಫಸ್ಟ್ ಟೈಮ್ ಬೈಯರ್‌ಗೆ ಮೊದಲ 3 ಲಕ್ಷ ಪೌಂಡಿಗೆ ತೆರಿಗೆ ಇಲ್ಲ. ಉಳಿದ 1 ಲಕ್ಷಕ್ಕೆ ಶೇ 5, ಅಂದರೆ 5,000 ಪೌಂಡ್. ಮಾಮೂಲಿ ಖರೀದಿದಾರರಿಗೆ ಮೊದಲ 1,25,000ಕ್ಕೆ ಸೊನ್ನೆ, ಮುಂದಿನ 1,25,000ಕ್ಕೆ ಶೇ 2, ಉಳಿದ 1,50,000ಕ್ಕೆ ಶೇ 5. ಒಟ್ಟು 10,000. ಇನ್ನೊಂದು ಮನೆ ಇಟ್ಟುಕೊಂಡು ಇದನ್ನೂ ಕೊಳ್ಳುವವರಿಗೆ ಪೂರ್ತಿ ಬೆಲೆಯ ಮೇಲೆ ಇನ್ನೂ ಶೇ 5 ಸೇರುತ್ತದೆ. ಅದು 20,000. ಎಲ್ಲ ಕೂಡಿಸಿದರೆ 30,000 ಪೌಂಡ್.

ನಿಮ್ಮ ಲೆಕ್ಕ ಆ 30,000ದ್ದು. 5,000 ಅಂದುಕೊಂಡು ಹೊರಟಿದ್ದೀರಿ. ಈ 25,000ದ ವ್ಯತ್ಯಾಸ ಗೊತ್ತಾಗುವ ಹೊತ್ತಿಗೆ ಸರ್ವೇಗೆ, ಖರೀದಿಯ ಕೆಲಸ ನೋಡುವ ವಕೀಲರಿಗೆ ಅಂದರೆ ಸಾಲಿಸಿಟರ್‌ಗೆ, ಆಸ್ತಿಯ ದಾಖಲೆ ಪರಿಶೀಲಿಸುವ ಸರ್ಚ್‌ಗಳಿಗೆ ದುಡ್ಡು ಕಟ್ಟಿ ಆಗಿರುತ್ತದೆ. ಅದಕ್ಕೇ ನನಗೆ ಈ ವಿಷಯದಲ್ಲಿ ಇಷ್ಟು ಸಂಕಟ.

ಈಗ ‘ಊರಿನ ಮನೆ ಲೆಕ್ಕಕ್ಕಿಲ್ಲ’ ಅನ್ನುವ ಮಾತಿಗೆ ಬರೋಣ. ಬೆಂಗಳೂರಿನ ಆಸ್ತಿಯ ಮೇಲೆ ಇಂಗ್ಲೆಂಡಿನವರು ತೆರಿಗೆ ಹಾಕಲು ಹೇಗಾಗುತ್ತದೆ ಅಂತ ವಾದ ಮಾಡುತ್ತಾರೆ. ಬೆಂಗಳೂರಿನ ಆಸ್ತಿಯ ಮೇಲೆ ಯಾರೂ ತೆರಿಗೆ ಹಾಕುತ್ತಿಲ್ಲ. ತೆರಿಗೆ ಬೀಳುವುದು ರೆಡಿಂಗ್ ಮನೆಯ ಮೇಲೆ. ಯಾವ ದರದಲ್ಲಿ ಬೀಳಬೇಕು ಅಂತ ನಿರ್ಧರಿಸುವಾಗ ನಿಮಗೆ ಬೇರೆ ಮನೆ ಇದೆಯಾ ಅಂತ ಕೇಳುತ್ತಾರೆ. ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಅದು ಮನೆಯೇ. ಕಾನೂನಿನಲ್ಲಿ ಇದು ಸ್ಪಷ್ಟವಾಗಿಯೇ ಇದೆ.

ಹಾಗಾದರೆ ಇಷ್ಟು ಜನ ಯಾಕೆ ತಪ್ಪು ಹೇಳುತ್ತಾರೆ? ಒಂದು, ಅವರ ಕಾಲಕ್ಕೆ ಅದು ಸರಿಯೇ ಇತ್ತು. ಎರಡನೇ ಮನೆಗೆ ಹೆಚ್ಚುವರಿ ತೆರಿಗೆ ಬಂದದ್ದೇ 2016ರ ಏಪ್ರಿಲ್‌ನಲ್ಲಿ, ಆಗ ಅದು ಶೇ 3. ಶೇ 5 ಆದದ್ದು 2024ರ ಅಕ್ಟೋಬರ್ 31ಕ್ಕೆ. 2016ಕ್ಕೂ ಮುಂಚೆ ಮನೆ ಕೊಂಡ ಹಿರಿಯರು ತಮ್ಮ ಅನುಭವ ಹೇಳುತ್ತಾರೆ, ಸುಳ್ಳು ಹೇಳುವುದಿಲ್ಲ. ಇನ್ನೊಂದು, ಸಾಲ ಕೊಡುವ ಬ್ಯಾಂಕುಗಳು ‘ಫಸ್ಟ್ ಟೈಮ್ ಬೈಯರ್’ ಅನ್ನುವುದನ್ನು ತಮ್ಮದೇ ಲೆಕ್ಕದಲ್ಲಿ ಬಳಸುತ್ತವೆ. ಮಾರ್ಟ್‌ಗೇಜ್ ಕೊಡುವಾಗ ಬ್ಯಾಂಕು ನಿಮ್ಮನ್ನು ಹಾಗೆ ಕರೆದ ಮಾತ್ರಕ್ಕೆ ತೆರಿಗೆ ಇಲಾಖೆ ಒಪ್ಪಬೇಕಿಲ್ಲ.

ಇಲ್ಲಿ ಇರುವುದು ಎರಡು ಬೇರೆ ಪ್ರಶ್ನೆ. ಎಲ್ಲರೂ ಎಡವುವುದು ಇವೆರಡನ್ನೂ ಒಂದೇ ಅಂದುಕೊಂಡು. ದಯವಿಟ್ಟು ಇದೊಂದನ್ನು ನಿಧಾನವಾಗಿ ಓದಿ.

ಫಸ್ಟ್ ಟೈಮ್ ಬೈಯರ್ ರಿಯಾಯಿತಿಗೆ ನಿಮ್ಮ ಇಡೀ ಜೀವನದ ಲೆಕ್ಕ ನೋಡುತ್ತಾರೆ. ಯಾವತ್ತಾದರೂ, ಎಲ್ಲಾದರೂ, ಒಂದು ಮನೆಯಲ್ಲಿ ನಿಮಗೆ ಪಾಲು ಇತ್ತಾ? ಇದ್ದರೆ ರಿಯಾಯಿತಿ ಇಲ್ಲ. ಹತ್ತು ವರ್ಷದ ಹಿಂದೆ ಮಾರಿದ್ದರೂ ಇಲ್ಲ. ಅಜ್ಜನಿಂದ ಬಂದ ಮನೆಯಾದರೂ ಇಲ್ಲ. ಇಬ್ಬರು ಸೇರಿ ಕೊಳ್ಳುವಾಗ ಇಬ್ಬರೂ ಹೊಸಬರಾಗಿರಬೇಕು. ಮನೆಯ ಬೆಲೆ 5 ಲಕ್ಷ ಪೌಂಡ್ ದಾಟಿದರೆ ಯಾರಿಗೂ ಇಲ್ಲ.

ಹೆಚ್ಚುವರಿ ಶೇ 5ಕ್ಕೆ ನೋಡುವುದು ಒಂದೇ ದಿನವನ್ನು. ಕಂಪ್ಲೀಶನ್ ಆದ ದಿನ, ಅಂದರೆ ಪೂರ್ತಿ ದುಡ್ಡು ಕೊಟ್ಟು ಮನೆ ನಿಮ್ಮದಾಗುವ ದಿನ, ರಾತ್ರಿಯ ಹೊತ್ತಿಗೆ ನಿಮ್ಮ ಕೈಯಲ್ಲಿ ಎಷ್ಟು ಮನೆ ಇದೆ? ಜೆ.ಪಿ. ನಗರದ ಫ್ಲಾಟನ್ನು ಅದಕ್ಕೆ ಮೊದಲೇ ಮಾರಿದ್ದರೆ ಒಂದೇ ಮನೆ, ಹಾಗಾಗಿ 10,000 ಕಟ್ಟಿದರೆ ಸಾಕು. ಮಾರದಿದ್ದರೆ 30,000. 5,000ದ ದಾರಿ ಮಾತ್ರ ನಿಮಗೆ ಯಾವತ್ತೋ ಮುಚ್ಚಿಹೋಗಿದೆ.

ಇದನ್ನು ಕೇಳಿದ ಕೂಡಲೇ ಬರುವ ಮುಂದಿನ ಮಾತು ನನಗೆ ಗೊತ್ತು. ‘ಫ್ಲಾಟ್ ಹೆಂಡತಿಯ ಹೆಸರಲ್ಲಿದೆ, ನಾನೊಬ್ಬನೇ ಕೊಂಡರೆ?’ ಜೊತೆಗೆ ಬಾಳುತ್ತಿರುವ ಗಂಡ ಹೆಂಡತಿಯನ್ನು ಇದಕ್ಕೆ ಒಂದೇ ಅಂತ ನೋಡುತ್ತಾರೆ. ಅವರ ಫ್ಲಾಟಿಗಾಗಿ ನಿಮಗೂ ಶೇ 5 ಬೀಳುತ್ತದೆ, ಬಿದ್ದ ಮೇಲೆ ನಿಮ್ಮ ರಿಯಾಯಿತಿಯೂ ಹೋಗುತ್ತದೆ. 18 ತುಂಬದ ಮಗನ ಹೆಸರಿಗೆ ತಾತ ಮನೆ ಬರೆದಿದ್ದರೆ ಅದೂ ಅಪ್ಪ ಅಮ್ಮನ ಲೆಕ್ಕಕ್ಕೇ ಬರುತ್ತದೆ.

ಅಪ್ಪನೊಬ್ಬರ ಹೆಸರಲ್ಲಿರುವ ಮನೆ ನಿಮ್ಮದಲ್ಲ. ನೀವು ಇಎಂಐ ಕಟ್ಟಲು ಸಹ ಸಾಲಗಾರರಾಗಿದ್ದೀರಿ ಅಷ್ಟೇ ಅಂದರೆ ಅದರಿಂದ ಮಾಲೀಕರಾಗುವುದಿಲ್ಲ. ಆದರೆ ಸಾಲ ಸಿಗಲಿ ಅಂತ ಕ್ರಯಪತ್ರದಲ್ಲೇ ನಿಮ್ಮ ಹೆಸರು ಸೇರಿಸಿರುತ್ತಾರೆ ನೋಡಿ, ಅಲ್ಲಿ ತೊಂದರೆ. ಊರಿಗೆ ಫೋನ್ ಮಾಡಿ ಕ್ರಯಪತ್ರದ ಫೋಟೊ ತರಿಸಿಕೊಳ್ಳಿ. ಕೊಳ್ಳುವವರ ಜಾಗದಲ್ಲಿ ಯಾರ್ಯಾರ ಹೆಸರಿದೆ ಅಂತ ನೀವೇ ಓದಿ. ಏನೂ ಕಟ್ಟದ ಖಾಲಿ ಸೈಟು ಮನೆಯಲ್ಲ, ಅದರ ಚಿಂತೆ ಬೇಡ. ನಿಮ್ಮ ಪಾಲಿನ ಬೆಲೆ 40,000 ಪೌಂಡಿಗಿಂತ ಕಮ್ಮಿ ಇದ್ದರೆ ಹೆಚ್ಚುವರಿ ಶೇ 5ಕ್ಕೆ ಅದನ್ನು ಲೆಕ್ಕಿಸುವುದಿಲ್ಲ. ಕಳೆದ 3 ವರ್ಷದೊಳಗೆ ಪಿತ್ರಾರ್ಜಿತವಾಗಿ ಬಂದು, ಗಂಡ ಹೆಂಡತಿಯ ಪಾಲು ಸೇರಿ ಅರ್ಧ ಮೀರದಿದ್ದರೂ ಅಷ್ಟೇ. ಈ ಎರಡು ವಿನಾಯಿತಿಯೂ ಶೇ 5ಕ್ಕೆ ಮಾತ್ರ. ಫಸ್ಟ್ ಟೈಮ್ ಬೈಯರ್ ಪಟ್ಟ ಇದರಿಂದ ವಾಪಸ್ ಬರುವುದಿಲ್ಲ.

ನಿಮಗೆ ಒಂದು ಒಳ್ಳೆಯ ಸುದ್ದಿಯೂ ಇರಬಹುದು. ರೆಡಿಂಗ್ ಮನೆ ಕೊಳ್ಳುವುದಕ್ಕೆ ಹಿಂದಿನ 3 ವರ್ಷದಲ್ಲಿ ಯಾವಾಗಲಾದರೂ ಜೆ.ಪಿ. ನಗರದ ಫ್ಲಾಟೇ ನಿಮ್ಮಿಬ್ಬರ ಮುಖ್ಯ ವಾಸದ ಮನೆಯಾಗಿತ್ತಾ? ಆಗಿದ್ದು, ಇಲ್ಲಿ ಕೊಂಡ 3 ವರ್ಷದೊಳಗೆ ಅದನ್ನು ಮಾರಿದರೆ, ಆ 20,000 ವಾಪಸ್ ಕೇಳಬಹುದು. ಮಾರಿದ 12 ತಿಂಗಳೊಳಗೆ ಅರ್ಜಿ ಹಾಕಿಬಿಡಿ. ಅದು ತಾನಾಗಿ ಬರುವುದಿಲ್ಲ.

ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ ಅಂತ ಪಿಸುಗುಟ್ಟುವವರಿಗೂ ಉತ್ತರ ಇಲ್ಲೇ ಇರಲಿ. ಕಂಪ್ಲೀಶನ್ ಆದ 14 ದಿನದೊಳಗೆ ಸ್ಟ್ಯಾಂಪ್ ಡ್ಯೂಟಿ ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟಬೇಕು. ಸಾಮಾನ್ಯವಾಗಿ ಸಲ್ಲಿಸುವವರು ಸಾಲಿಸಿಟರ್, ಆದರೆ ಮಾತು ನಿಮ್ಮದು, ಹೊಣೆಯೂ ನಿಮ್ಮದೇ. ಬೇಕಂತಲೇ ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಇಲಾಖೆ 20 ವರ್ಷ ಹಿಂದಕ್ಕೆ ಹೋಗಿ ತೆರಿಗೆ, ಬಡ್ಡಿ, ದಂಡ ಎಲ್ಲ ಕೇಳಬಹುದು. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಸರ್ಕಾರ ಬೋನಸ್ ಸೇರಿಸುವ ಉಳಿತಾಯ ಖಾತೆ ಲೈಫ್‌ಟೈಮ್ ಐಸಾದಲ್ಲಿ ದುಡ್ಡು ಕೂಡಿಡುತ್ತಿದ್ದೀರಾ? ಅಲ್ಲೂ ಇದೇ ನಿಯಮ. ಊರಿನ ಮನೆ ಇದ್ದವರು ಮೊದಲ ಮನೆಗೆ ಅಂತ ಅದನ್ನು ಬಳಸುವ ಹಾಗಿಲ್ಲ. ಸುಮ್ನೆ ತೆಗೆದರೆ ಶೇ 25 ಕಡಿತ. ಸರ್ಕಾರ ಕೊಟ್ಟ ಬೋನಸ್ಸಿನ ಜೊತೆಗೆ ನಿಮ್ಮ ಸ್ವಂತ ದುಡ್ಡೂ ಸ್ವಲ್ಪ ಹೋಗುತ್ತದೆ.

ನೀವು ಕೇಳಿಲ್ಲ, ಆದರೂ ಊರಿನ ದುಡ್ಡಿನ ಬಗ್ಗೆ ಹೇಳಲೇಬೇಕು. ಡಿಪಾಸಿಟ್‌ಗೆ ಅಪ್ಪ ದುಡ್ಡು ಕಳಿಸುತ್ತಾರೆ ಅಂದರೆ ಸಾಲಿಸಿಟರ್ ‘ಅವರಿಗೆ ಎಲ್ಲಿಂದ ಬಂತು’ ಅಂತ ಕೇಳುತ್ತಾರೆ. ಇದಕ್ಕೆ ಬೇಜಾರು ಮಾಡಿಕೊಳ್ಳುವವರು ಜಾಸ್ತಿ. ಅದು ಅವಮಾನ ಅಲ್ಲ. ಅಕ್ರಮ ಹಣ ತಡೆಯುವ ಕಾನೂನಿನ ಪ್ರಕಾರ ಅವರು ಕೇಳಲೇಬೇಕು. ಅಪ್ಪನ ಪಾಸ್‌ಪೋರ್ಟ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ‘ಇದು ಉಡುಗೊರೆ, ವಾಪಸ್ ಬೇಡ, ಮನೆಯಲ್ಲಿ ಪಾಲೂ ಬೇಡ’ ಅನ್ನುವ ಪತ್ರ, ಇಷ್ಟನ್ನು ಮೊದಲೇ ಜೋಡಿಸಿ. ಭಾರತದಲ್ಲಿ ವಾಸ ಇರುವವರು ರಿಸರ್ವ್ ಬ್ಯಾಂಕಿನ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. ಅಮ್ಮನಿಗೂ ಪ್ರತ್ಯೇಕವಾಗಿ ಇಷ್ಟೇ ಮಿತಿ ಇದೆ.

ಅಪ್ಪ ಸೈಟು ಮಾರಿ ಕೊಟ್ಟ ದುಡ್ಡಾದರೆ ಕ್ರಯಪತ್ರವನ್ನೂ ಕೇಳುತ್ತಾರೆ. ಅದು ಕನ್ನಡದಲ್ಲಿದ್ದರೆ ಇಲ್ಲಿನ ಸಾಲಿಸಿಟರ್‌ಗೆ ಓದಲು ಬರುವುದಿಲ್ಲ, ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ಆಫರ್ ಒಪ್ಪಿಕೊಂಡರೂ ಕಾಂಟ್ರಾಕ್ಟ್ ಎಕ್ಸ್‌ಚೇಂಜ್ ಆಗುವ ತನಕ, ಅಂದರೆ ಎರಡೂ ಕಡೆಯವರು ಸಹಿ ಹಾಕಿದ ಕರಾರು ಬದಲಾಯಿಸಿಕೊಳ್ಳುವ ತನಕ, ಮಾರುವವರು ಯಾವ ಕಾರಣವನ್ನೂ ಕೊಡದೆ ಹಿಂದೆ ಸರಿಯಬಹುದು, ಅನುವಾದ ಬರಲಿ ಅಂತ ಅವರು ಕಾಯಬೇಕಿಲ್ಲ. ಹಾಗಾಗಿ ಅದನ್ನು ಆಫರ್ ಹಾಕುವ ಮೊದಲೇ ಅನುವಾದಕ್ಕೆ ಕೊಟ್ಟುಬಿಡಿ.